ಹಿಂದಿರುಗುವ ವಿದ್ಯೆ

ಬೇಸಗೆಯ ರಜೆ ಸಮೀಪಿಸಿತೆಂದರೆ ನಮ್ಮ ಕಡೆಯ ವಿದ್ಯಾರ್ಥಿಗಳ ಬಾಯಲ್ಲಿ ಈಗ ಒಂದು ಮಾತು ಪದೇ ಪದೇ ಕೇಳಿಬರುತ್ತದೆ: ಚಾರಣ. ನಾವು ಓದುತ್ತಿದ್ದ ಕಾಲಕ್ಕೆ ರಜೆಯೆಂದರೆ ಅಜ್ಜಿಯ ಮನೆ. ಹೆಚ್ಚೆಂದರೆ ಧರ್ಮಸ್ಥಳ, ಸುಬ್ರಹ್ಮಣ್ಯಗಳ ಯಾತ್ರೆ. ಈಗಿನವರ ಕಣ್ಣು ದೂರ ಹಾಯುತ್ತದೆ. ಅದು ತಪ್ಪಲ್ಲ, ಹಾಯಬೇಕಾದುದೇ. ಈಚೆಗೆ ಒಂದು ಭಾನುವಾರ ನುಗ್ಗೇಹಳ್ಳಿಯ ನಮ್ಮ ಮನೆಗೆ ಕಾಲೇಜಿನ ಮೂವರು ಹುಡುಗರು ಬಂದು, ತಾವು ಹಿಮಾಲಯಕ್ಕೆ ಹೊರಟಿರುವುದಾಗಿ ಹೇಳಿ, ಅಚ್ಚುಕಟ್ಟಾಗಿ ಮುದ್ರಿಸಿದ ಹಾಳೆಯೊಂದನ್ನು ನನ್ನ ಮುಂದಿಟ್ಟರು. ಯಾವ ದಿನ ಎಷ್ಟು ಮೈಲಿ ನಡೆಯುವುದು, ಎಷ್ಟು ಅಡಿ ಏರುವುದು, ಎಲ್ಲಿ ಡೇರೆ ಹಾಕುವುದು ಎಂಬುದೆಲ್ಲ ಅದರಲ್ಲಿತ್ತು. ಎಂಟು ದಿನ, ಎಂಟಕ್ಕೂ ಒಂದೊಂದು ಕೆಲಸ. ಖಾಲಿ ಬಿಟ್ಟ ದಿನ ಒಂದೂ ಇರಲಿಲ್ಲ.

"ನಡುವೆ ಹವಾ ಕೆಟ್ಟರೆ ಏನು ಮಾಡುತ್ತೀರಪ್ಪ?" ಎಂದು ಕೇಳಿದೆ.

"ಹಾಗೆಲ್ಲ ಆಗೋದಿಲ್ಲ ಸರ್."

"ಆದರೆ?"

ಅವರಲ್ಲೊಬ್ಬ ತಲೆ ತಗ್ಗಿಸಿ ಹೇಳಿದ: "ಅರ್ಧಕ್ಕೆ ವಾಪಸ್ಸು ಬಂದರೆ ದುಡ್ಡು ಕೊಡೋದಿಲ್ಲವಂತೆ ಸರ್."

ಆ ಹುಡುಗನ ತಂದೆ ತಿಪಟೂರಿನ ಮಾರುಕಟ್ಟೆಯಲ್ಲಿ ಕೊಬ್ಬರಿ ಮಾರಿ ತಂದ ಹಣ ಅದು. ಅವನ ಮಾತಿನಲ್ಲಿ ಕೃತ್ರಿಮವೇನೂ ಇರಲಿಲ್ಲ. ಆದರೆ ಇಂದಿನ ಪರ್ವತ ಪ್ರವಾಸಗಳ ಕಷ್ಟದ ಬಹುಪಾಲು ಆ ಒಂದು ವಾಕ್ಯದಲ್ಲಿ ಅಡಗಿದೆ ಎಂದು ನನಗೆ ತೋರಿತು. ಪರ್ವತವನ್ನು ಏರುವ ವಿದ್ಯೆಯನ್ನು ಕಲಿಸುವವರು, ಮಾರುವವರು ಬೇಕಾದಷ್ಟು ಮಂದಿ ಇದ್ದಾರೆ. ಹಿಂದಿರುಗುವ ವಿದ್ಯೆಯನ್ನು ಕಲಿಸುವವರಾರು?

ಎರಡು ಜೂನ್ ನಾಲ್ಕು

2024ರ ಜೂನ್ 4ರಂದು ನಾವೆಲ್ಲ ಏನು ಮಾಡುತ್ತಿದ್ದೆವೆಂಬುದು ಓದುಗರಿಗೆ ನೆನಪಿದ್ದೀತು. ಅಂದು ಲೋಕಸಭೆಯ ಮತಗಳ ಎಣಿಕೆ. ದೇಶಕ್ಕೆ ದೇಶವೇ ಅಂಕಿಗಳನ್ನು ನೋಡುತ್ತ ಕುಳಿತಿದ್ದಿತು. ಅದೇ ಹೊತ್ತಿಗೆ ಉತ್ತರಾಖಂಡದ ಉತ್ತರಕಾಶಿಯ ಮೇಲಣ ಬೆಟ್ಟಗಳಲ್ಲಿ, ಹದಿನಾಲ್ಕು ಸಾವಿರ ಅಡಿಗೂ ಮಿಕ್ಕ ಎತ್ತರದಲ್ಲಿ, 22 ಜನರ ಒಂದು ತಂಡ ಹಿಮಗಾಳಿಗೆ ಸಿಕ್ಕಿತ್ತು. ತಂಡದ ಬಹುಮಂದಿ ಕರ್ನಾಟಕದವರು, ಅದರಲ್ಲಿಯೂ ಬೆಂಗಳೂರಿನವರು. ಸಹಸ್ರತಾಲವೆಂಬ ಸರೋವರವನ್ನು ನೋಡಲು ಮೇ 29ರಂದು ಹೊರಟಿದ್ದ ಅವರು ಅದನ್ನು ಕಂಡು ಶಿಬಿರಕ್ಕೆ ಮರಳುವ ಹಾದಿಯಲ್ಲಿದ್ದರು. ಗಾಳಿ, ಹಿಮ, ಮಂಜು ಒಮ್ಮೆಗೇ ಮುಸುಕಿ ದಾರಿ ಮುಚ್ಚಿಹೋಯಿತು. ಸುದ್ದಿ ಕೆಳಗೆ ಮುಟ್ಟಿ, ಮರುದಿನ ವಾಯುಪಡೆಯ ಹೆಲಿಕಾಪ್ಟರುಗಳು ಬರುವ ವೇಳೆಗೆ ಹಲವರ ಉಸಿರು ನಿಂತಿತ್ತು. ಒಟ್ಟು ಒಂಬತ್ತು ಮಂದಿ ತೀರಿಕೊಂಡರು; ಹದಿಮೂವರು ಬದುಕಿ ಬಂದರು. ಕರ್ನಾಟಕದ ಕಂದಾಯ ಸಚಿವ ಕೃಷ್ಣ ಬೈರೇಗೌಡರು ಡೆಹರಾಡೂನಿಗೆ ಹೋಗಿ ನಿಂತು, ಉಳಿದವರನ್ನೂ ಅಳಿದವರನ್ನೂ ಊರಿಗೆ ಕಳುಹಿಸುವ ಏರ್ಪಾಡು ನೋಡಬೇಕಾಯಿತು.

ಮಡಿದವರು ಹುಡುಗಾಟಕ್ಕೆ ಹೋದವರಲ್ಲ. ಅನೇಕರು ಹಲವು ವರ್ಷ ಬೆಟ್ಟ ಹತ್ತಿ ಪಳಗಿದವರು, ಸಂಸಾರಸ್ಥರು. ಅವರನ್ನು ದೂರುವ ಅಧಿಕಾರ, ಮನೆಯ ಜಗುಲಿಯ ಮೇಲೆ ಕುಳಿತು ಬರೆಯುವ ನನಗಿಲ್ಲ. ತಪ್ಪು ಯಾರದೆಂಬುದು ವಿಚಾರಣೆಗೆ ಬಿಟ್ಟ ಮಾತು. ಈ ಬರೆಹದ ಕಾಳಜಿ ಇನ್ನು ಮುಂದೆ ಹೊರಡುವವರದು.

ಆ ದಿನಕ್ಕೆ ಸರಿಯಾಗಿ ನೂರು ವರ್ಷದ ಹಿಂದೆ, 1924ರ ಜೂನ್ 4ರಂದು, ಹಿಮಾಲಯದ ಇನ್ನೊಂದು ಎಡೆಯಲ್ಲಿ ಇಬ್ಬರು ಆಂಗ್ಲರು ಎವರೆಸ್ಟಿನ ಉತ್ತರದ ಮೈಯನ್ನು ಏರುತ್ತಿದ್ದರು. ಒಬ್ಬರು ಸೈನ್ಯಾಧಿಕಾರಿ ನಾರ್ಟನ್; ಇನ್ನೊಬ್ಬರು ವೈದ್ಯ ಹೋವರ್ಡ್ ಸಾಮರ್ವೆಲ್. ಬೆನ್ನಿನ ಮೇಲೆ ಆಮ್ಲಜನಕದ ಉರುಳೆಯಿಲ್ಲ. ಗಂಟಲು ಕೆಟ್ಟ ಸಾಮರ್ವೆಲ್ಲರು ಮೊದಲು ಕುಳಿತರು. ನಾರ್ಟನ್ನರು ಒಬ್ಬರೇ ಮುಂದೆ ಸಾಗಿ 28,126 ಅಡಿಯವರೆಗೆ ಹೋದರು. ಶಿಖರಕ್ಕೆ ಇನ್ನು ಸಾವಿರ ಅಡಿಯೂ ಇರಲಿಲ್ಲ. ಅಲ್ಲಿ ನಿಂತು, ಹೊತ್ತನ್ನೂ ತಮ್ಮ ಕಾಲಿನ ಸತ್ತ್ವವನ್ನೂ ಲೆಕ್ಕ ಹಾಕಿ, ಅವರು ಬೆನ್ನು ತಿರುಗಿಸಿದರು. ಕೃತಕ ಆಮ್ಲಜನಕವಿಲ್ಲದೆ ಅದಕ್ಕಿಂತ ಮೇಲೆ ಹೋಗಿ ಬಂದವರು ಮುಂದೆ ಐವತ್ತನಾಲ್ಕು ವರ್ಷ ಯಾರೂ ಇರಲಿಲ್ಲವೆಂದು ಹೇಳುತ್ತಾರೆ. 1978ರಲ್ಲಿ ಮೆಸ್ನರ್ ಮತ್ತು ಹಾಬೆಲರ್ ಆ ಗೆರೆಯನ್ನು ದಾಟಿ ಶಿಖರವನ್ನೇ ಮುಟ್ಟಿದರು.

ಇಳಿಯುವಾಗ ಸಾಮರ್ವೆಲ್ಲರ ಗಂಟಲು ಕಟ್ಟಿ ಪ್ರಾಣವೇ ಹೋಗುವಂತಾಗಿತ್ತು. ಅವರು ಬದುಕಿದರು, ಬದುಕಿ ಎಲ್ಲಿಗೆ ಬಂದರು? ನಮ್ಮ ದಕ್ಷಿಣಕ್ಕೆ, ಅಂದಿನ ತಿರುವಾಂಕೂರಿನ ನೆಯ್ಯೂರಿಗೆ. 1922ರ ಎವರೆಸ್ಟ್ ಯಾತ್ರೆಯ ಬಳಿಕ ಅಲ್ಲಿನ ಆಸ್ಪತ್ರೆಯಲ್ಲಿ ರೋಗಿಗಳ ಸಾಲನ್ನು ಕಂಡು ಮನಕರಗಿದ್ದ ಅವರು, ಲಂಡನ್ನಿನ ವೃತ್ತಿಯನ್ನು ಬಿಟ್ಟು ತಮ್ಮ ಆಯುಷ್ಯದ ಬಹುಭಾಗವನ್ನು ಅಲ್ಲಿ ಶಸ್ತ್ರಚಿಕಿತ್ಸೆ ಮಾಡುತ್ತ ಕಳೆದರು. ಅವರು ಹಿಂದಿರುಗಿದ ನಾಲ್ಕು ದಿನಕ್ಕೆ ಅದೇ ಮೈಯಲ್ಲಿ ಮೇಲೇರಿದ ಮ್ಯಾಲರಿ ಮತ್ತು ಅರ್ವಿನ್ ಮತ್ತೆ ಇಳಿಯಲಿಲ್ಲ. ಮ್ಯಾಲರಿಯ ದೇಹ 1999ರಲ್ಲಿ ಸಿಕ್ಕಿತು. ಅರ್ವಿನ್ನನದೆಂದು ತಿಳಿದ ಒಂದು ಪಾದ, ಬೂಟಿನೊಡನೆ, 2024ರಲ್ಲಿ ಹಿಮನದಿಯಲ್ಲಿ ಕಾಣಿಸಿಕೊಂಡಿತು. ಆ ಇಬ್ಬರ ಹೆಸರನ್ನು ಜಗತ್ತೆಲ್ಲ ಬಲ್ಲದು. ನೆಯ್ಯೂರಿನ ಆಸ್ಪತ್ರೆಯಲ್ಲಿ ಗುಣವಾಗಿ ಮನೆಗೆ ನಡೆದುಹೋದ ರೋಗಿಗಳಿಗೆ ಮಾತ್ರ, ಒಬ್ಬ ಮನುಷ್ಯ ಒಂದು ದಿನ ಒಂದು ಬೆಟ್ಟದಿಂದ ಹಿಂದಿರುಗಿದುದರ ಬೆಲೆ ತಿಳಿದಿರಬೇಕು.

ದೂರದ ಬೆಟ್ಟ

ದೂರದ ಬೆಟ್ಟ ನುಣ್ಣಗೆ ಎಂಬ ಗಾದೆ ನಮ್ಮಲ್ಲಿ ಹುಟ್ಟಿದ್ದು ಹತ್ತಿರದ ಬೆಟ್ಟಗಳನ್ನು ನೋಡಿ. ಚನ್ನರಾಯಪಟ್ಟಣದ ಸೀಮೆ ಮೈದಾನ. ತೆಂಗಿನ ತೋಟಗಳ ಮೇಲೆ ತಲೆಯೆತ್ತಿ ನಿಂತದ್ದೆಂದರೆ ಶ್ರವಣಬೆಳಗೊಳದ ಬೆಟ್ಟಗಳೇ. ವಿಂಧ್ಯಗಿರಿ ಸಮುದ್ರಮಟ್ಟದಿಂದ 3,347 ಅಡಿ ಎತ್ತರ. ಕೆಳಗಿನ ನೆಲದಿಂದ ಐನೂರು ಅಡಿಯೂ ಇಲ್ಲ. ಬಿಸಿಲೇರುವ ಮುನ್ನ ಹತ್ತಿ, ಗೊಮ್ಮಟನನ್ನು ಕಂಡು, ಊಟದ ಹೊತ್ತಿಗೆ ಮನೆ ಸೇರಬಹುದು. ನಾಡಿನಲ್ಲೆಲ್ಲ ಎತ್ತರವಾದ ಮುಳ್ಳಯ್ಯನಗಿರಿ 1,930 ಮೀಟರು, ಎಂದರೆ ಆರು ಸಾವಿರದ ಮುನ್ನೂರು ಅಡಿಗಿಂತ ತುಸು ಹೆಚ್ಚು.

ಈ ಅಂಕಿಯನ್ನು ಬೇಕೆಂದೇ ಕೊಟ್ಟಿದ್ದೇನೆ. ಎತ್ತರದ ಬೇನೆಯೆಂಬುದು ಸಾಮಾನ್ಯವಾಗಿ ತೊಡಗುವುದು ಎಂಟು ಸಾವಿರ ಅಡಿ ದಾಟಿದ ಮೇಲೆ. ಹಾಗಾದರೆ ಕರ್ನಾಟಕದ ಯಾವ ಬೆಟ್ಟವೂ ಆ ಗೆರೆಯನ್ನು ಮುಟ್ಟುವುದಿಲ್ಲ! ಕುಮಾರಪರ್ವತವನ್ನು ಹತ್ತು ಸಲ ಹತ್ತಿದವನಾದರೂ, ಜೇನುಕಲ್ಲು ಗುಡ್ಡದ ಕಡಿದನ್ನು ಓಡುತ್ತ ಏರಿದವನಾದರೂ, ಗಾಳಿ ತೆಳುವಾಗುವುದೆಂದರೇನು ಎಂಬುದನ್ನು ನಮ್ಮ ನಾಡಿನಲ್ಲಿ ಕಲಿಯಲಾರ. ನಮ್ಮ ಬೆಟ್ಟಗಳು ಕಾಲನ್ನು ಪರೀಕ್ಷಿಸುತ್ತವೆ. ಅವು ರಕ್ತವನ್ನು ಪರೀಕ್ಷಿಸುವುದಿಲ್ಲ. ಸಹಸ್ರತಾಲದಂಥ ಎತ್ತರದಲ್ಲಿ ಗಾಳಿಯ ಒತ್ತಡ ಕಡಲತೀರದ ಹತ್ತು ಪಾಲಿನಲ್ಲಿ ಆರು ಪಾಲು ಮಾತ್ರ. ಹದಿನೆಂಟು ಸಾವಿರ ಅಡಿಗೆ ಅದು ಅರ್ಧವಾಗುತ್ತದೆ. ಎವರೆಸ್ಟಿನ ತುದಿಯಲ್ಲಿ ಮೂರರಲ್ಲೊಂದು. ಆದುದರಿಂದಲೇ, ಹತ್ತು ಸಾವಿರ ಅಡಿ ದಾಟಿದ ಮೇಲೆ ಮಲಗುವ ಜಾಗವನ್ನು ದಿನಕ್ಕೆ ಸುಮಾರು 500 ಮೀಟರಿಗಿಂತ ಹೆಚ್ಚು ಏರಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಒಂದು ದಿನ ಸುಮ್ಮನಿರಬೇಕು ಎಂದು ವೈದ್ಯರು ವಿಧಿಸುತ್ತಾರೆ. ಎಂಟು ದಿನದ ಹಾಳೆಯಲ್ಲಿ ಆ ಸುಮ್ಮನಿರುವ ದಿನಕ್ಕೆ ಎಡೆಯೆಲ್ಲಿ?

ಚಳಿಯ ಕಥೆ ಇನ್ನೂ ಬೇರೆ. ನೆನೆದ ಬಟ್ಟೆಯ ಮೇಲೆ ಗಾಳಿ ಬೀಸಿದರೆ ಮೈಯ ಬಿಸಿ ಬೇಗ ಇಳಿಯುತ್ತದೆ. ಅದು 35 ಡಿಗ್ರಿಗಿಂತ ಕೆಳಗೆ ಬಂದಿತೆಂದರೆ ಅಪಾಯ. ಮೊದಲು ನಡುಕ, ಆಮೇಲೆ ಮಾತು ತೊದಲುತ್ತದೆ, ಕಾಲು ತಡವರಿಸುತ್ತದೆ, ಬಳಿಕ ವಿವೇಚನೆಯೇ ಮಂಕಾಗುತ್ತದೆ. ಕೊನೆಗೆ ನಡುಕವೂ ನಿಲ್ಲುತ್ತದೆ. ಆಗ ಅವನಿಗೆ ತಾನು ಸುಧಾರಿಸಿಕೊಂಡೆನೆಂದೇ ಅನ್ನಿಸಬಹುದು. ಇಲ್ಲಿಯೇ ಇರುವುದು ಪರ್ವತದ ನಿಜವಾದ ಕಾಠಿಣ್ಯ. ನಿರ್ಧಾರ ಮಾಡಬೇಕಾದ ಬುದ್ಧಿಯೇ ಅಲ್ಲಿ ಎಲ್ಲಕ್ಕಿಂತ ಮೊದಲು ಸೋಲುತ್ತದೆ. ಎಂದಮೇಲೆ ಹಿಂದಿರುಗುವ ನಿರ್ಧಾರವನ್ನು ಮೇಲೆ ಹೋಗಿ ಮಾಡುತ್ತೇವೆನ್ನುವುದು ಸಲ್ಲದು. ಅದನ್ನು ಕೆಳಗೇ, ಬುದ್ಧಿ ಬೆಚ್ಚಗಿರುವಾಗಲೇ, ಬರೆದಿಟ್ಟುಕೊಂಡು ಹೊರಡಬೇಕು.

ಸೋತವರೇ ಗೆದ್ದ ಕಥೆ

ಎವರೆಸ್ಟಿಗೂ ನಮ್ಮ ಮೈಸೂರು ಸೀಮೆಗೂ ಒಂದು ಹಳೆಯ ನಂಟುಂಟು. ಶ್ರೀರಂಗಪಟ್ಟಣ ಬಿದ್ದ ಮರುವರ್ಷ, 1800ರಲ್ಲಿ, ಲ್ಯಾಂಬ್ಟನ್ನನೆಂಬ ಅಧಿಕಾರಿ ಬೆಂಗಳೂರಿನ ಬಳಿ ಸರಪಳಿ ಹಿಡಿದು ನೆಲವನ್ನು ಅಳೆಯತೊಡಗಿದ. ಅಲ್ಲಿ ಪಳಗಿದ ಕೆಲಸವೇ ಬೆಳೆದು ಮಹಾ ತ್ರಿಕೋನಮಿತಿ ಮೋಜಣಿಯಾಗಿ ಉತ್ತರಕ್ಕೆ ಹಬ್ಬಿತು. ಆ ಲೆಕ್ಕದ ಕೊನೆಯಲ್ಲಿ, 1852ರಲ್ಲಿ, ಬಂಗಾಳದ ಗಣಿತಜ್ಞ ರಾಧಾನಾಥ ಸಿಕ್ದಾರರು ಜಗತ್ತಿನ ಅತ್ಯುನ್ನತ ಶಿಖರವನ್ನು ಗುರುತಿಸಿದರು. ಅಂದಿನ ಅಳತೆ 29,002 ಅಡಿ. 2020ರಲ್ಲಿ ನೇಪಾಳ ಮತ್ತು ಚೀನಗಳು ಸಾರಿದ ಅಳತೆ 8,848.86 ಮೀಟರು. ಅಳೆದವರಿಗೂ ಮುಟ್ಟಿದವರಿಗೂ ನಡುವೆ ನೂರೊಂದು ವರ್ಷ. 1953ರ ಮೇ 29ರಂದು ತೇನಸಿಂಗ್ ಮತ್ತು ಹಿಲರಿ ಅಲ್ಲಿ ಕಾಲೂರಿದರು. ತೇನಸಿಂಗರಾದರೂ ಒಂದೇ ಸಲಕ್ಕೆ ಗೆದ್ದವರಲ್ಲ. ಹಿಂದಿನ ವರ್ಷವಷ್ಟೇ ಸ್ವಿಸ್ ದೇಶದ ಲ್ಯಾಂಬರ್ಟರೊಡನೆ ಶಿಖರದ ಸಮೀಪಕ್ಕೆ ಹೋಗಿ ಅವರು ಹಿಂದಿರುಗಿದ್ದರು.

ಭಾರತೀಯರ ಪ್ರಯತ್ನಗಳ ಚರಿತ್ರೆ ಇನ್ನೂ ಬೋಧಪ್ರದವಾದುದು. 1960ರಲ್ಲಿ ಬ್ರಿಗೇಡಿಯರ್ ಜ್ಞಾನಸಿಂಗರ ತಂಡದ ಮೂವರು ಶಿಖರಕ್ಕೆ ಸುಮಾರು 700 ಅಡಿ ಉಳಿದಿರುವಾಗ ಬಿರುಗಾಳಿಗೆ ಮಣಿದು ಇಳಿದರು. 1962ರಲ್ಲಿ ಜಾನ್ ಡಯಾಸರ ತಂಡ ಇನ್ನೂ ಹತ್ತಿರ ಹೋಯಿತು, ಸುಮಾರು 400 ಅಡಿಯಿದ್ದಿತು, ಆಗಲೂ ಇಳಿಯಿತು. ನಾನೂರು ಅಡಿಯೆಂದರೆ ನಮ್ಮ ದೊಡ್ಡಬೆಟ್ಟದಷ್ಟೂ ಇಲ್ಲ! ಅಂದು ಆ ಮರಳುವಿಕೆಯನ್ನು ಸೋಲೆಂದೇ ಕರೆದಿರಬೇಕು. ಆದರೆ 1965ರ ಮೇ ತಿಂಗಳಲ್ಲಿ ಕೊಹ್ಲಿಯವರ ನಾಯಕತ್ವದಲ್ಲಿ ಒಂಬತ್ತು ಮಂದಿ ಶಿಖರವನ್ನು ಮುಟ್ಟಿದಾಗ, ಅವರಲ್ಲಿ 1960ರಲ್ಲಿ ಹಿಂದಿರುಗಿದ್ದ ನವಾಂಗ್ ಗೊಂಬು ಇದ್ದರು. ಎರಡು ಸಲವೂ ಹಿಂದಿರುಗಿದ್ದ ಸೋನಮ್ ಗ್ಯಾತ್ಸೊ ಇದ್ದರು. ನಾಯಕ ಕೊಹ್ಲಿಯವರೇ 1962ರಲ್ಲಿ ಆ ನಾನೂರು ಅಡಿಯನ್ನು ಬಿಟ್ಟು ಬಂದವರು. ಹಿಂದಿರುಗದೆ ಹೋಗಿದ್ದರೆ ಆ ಗೆಲುವು ಯಾರದಾಗುತ್ತಿತ್ತು?

ಇದಕ್ಕೆ ವಿರುದ್ಧವಾದ ಪಾಠ 1996ರದು. ಮಧ್ಯಾಹ್ನ ಎರಡು ಗಂಟೆಯೊಳಗೆ ಶಿಖರ ಸಿಗದಿದ್ದರೆ ತಿರುಗಬೇಕೆಂಬ ಮಾತು ಎವರೆಸ್ಟಿನಲ್ಲಿ ಬಳಕೆಯಲ್ಲಿದ್ದಿತು. ಆ ಮೇ 10ರಂದು, ಬಹಳ ಹಣ ತೆತ್ತು ಬಂದ ಯಾತ್ರಿಕರೂ ಅವರನ್ನು ಕರೆತಂದ ಅನುಭವಸ್ಥ ನಾಯಕರೂ ಆ ಗಂಟೆಯನ್ನು ದಾಟಿ ಮೇಲೇರಿದರು. ಸಂಜೆ ಎದ್ದ ಬಿರುಗಾಳಿಯಲ್ಲಿ ಎಂಟು ಮಂದಿ ಅಳಿದರು. ನಿಯಮ ಗೊತ್ತಿರಲಿಲ್ಲವೆಂದಲ್ಲ, ತೆತ್ತ ಹಣ, ನಡೆದ ದಾರಿ, ಕಣ್ಣೆದುರಿನ ಶಿಖರ ಈ ಮೂರೂ ಸೇರಿ ನಿಯಮವನ್ನು ಸೋಲಿಸಿದವು. 2019ರ ಮೇ ತಿಂಗಳಲ್ಲಿ ಶಿಖರದ ಕೆಳಗಿನ ಏಣಿನಲ್ಲಿ ಜನ ಸಾಲುಗಟ್ಟಿ ನಿಂತ ಚಿತ್ರವನ್ನು ಎಲ್ಲರೂ ಕಂಡಿದ್ದೇವೆ. ತೆಳುಗಾಳಿಯಲ್ಲಿ, ಹಿಂದೆಯೂ ಮುಂದೆಯೂ ಜನ.

ಹೊರೆ ಹೊರುವವರ ಮಾತನ್ನು ಹೇಳದೆ ಈ ಚರಿತ್ರೆ ಮುಗಿಯದು. 1922ರ ಜೂನ್ 7ರಂದು ಎವರೆಸ್ಟಿನ ಉತ್ತರ ಇಳಿಜಾರಿನಲ್ಲಿ ಹಿಮ ಜರಿದು ಏಳು ಮಂದಿ ಹೊರೆಯಾಳುಗಳು ಸತ್ತರು. 2014ರ ಏಪ್ರಿಲ್ 18ರಂದು ಖುಂಬು ಹಿಮಪಾತದಲ್ಲಿ, ಇತರರಿಗಾಗಿ ದಾರಿ ಸಜ್ಜುಗೊಳಿಸುತ್ತಿದ್ದ ಹದಿನಾರು ಮಂದಿ ಸತ್ತರು. ನಮ್ಮೂರಿನ ಲಕ್ಷ್ಮೀನರಸಿಂಹ ದೇವಾಲಯ 1246ರದು. ಅಲ್ಲಿ ಕೆಲಸ ಮಾಡಿದ ಬೈಚೋಜ, ಮಲ್ಲಿತಮ್ಮರ ಹೆಸರುಗಳು ಕಲ್ಲಿನಲ್ಲಿ ಉಳಿದು ಇಂದಿಗೂ ಓದಲು ಸಿಗುತ್ತವೆ. ಕೆಲಸಗಾರನ ಹೆಸರನ್ನು ಉಳಿಸುವ ಆ ಸೌಜನ್ಯ ಪರ್ವತಾರೋಹಣದ ಚರಿತ್ರೆಗೆ ಬಹುಕಾಲ ಇರಲಿಲ್ಲ. ಯಾತ್ರಿಕನು ಹಟ ಹಿಡಿದು ಮುಂದೆ ಹೋದರೆ ಅವನೊಡನೆ ಹೋಗಲೇಬೇಕಾದ ಬಡವನೊಬ್ಬನಿರುತ್ತಾನೆ. ಹಿಂದಿರುಗುವುದು ಅವನ ಪ್ರಾಣದ ಪ್ರಶ್ನೆಯೂ ಹೌದು.

ಮಹಾಪ್ರಸ್ಥಾನವೂ ಇಂದ್ರಕೀಲವೂ

ಉತ್ತರಕಾಶಿಯ ಸುತ್ತಣ ಗಿರಿಗಳ ಹೆಸರುಗಳು ಸಾಹಿತ್ಯದ ವಿದ್ಯಾರ್ಥಿಯನ್ನು ನಿಲ್ಲಿಸುತ್ತವೆ. ಅಲ್ಲೊಂದು ಸ್ವರ್ಗಾರೋಹಿಣಿ, ಇನ್ನೊಂದು ದ್ರೌಪದಿ ಕಾ ಡಾಂಡಾ. ಮಹಾಪ್ರಸ್ಥಾನದಲ್ಲಿ ಮೊದಲು ಬಿದ್ದವಳು ದ್ರೌಪದಿ. ಆಕೆಯ ಹೆಸರಿನ ಆ ಶಿಖರದಲ್ಲಿಯೇ 2022ರ ಅಕ್ಟೋಬರ್ 4ರಂದು, 1965ರಲ್ಲಿ ಸ್ಥಾಪಿತವಾದ ನೆಹರು ಪರ್ವತಾರೋಹಣ ಸಂಸ್ಥೆಯ ಶಿಕ್ಷಣಾರ್ಥಿಗಳ ಮೇಲೆ ಹಿಮ ಕುಸಿಯಿತು. 27 ದೇಹಗಳು ದೊರೆತವು. ಇಬ್ಬರು ಸಿಗಲೇ ಇಲ್ಲ. ಅಳಿದವರಲ್ಲಿ ಕರ್ನಾಟಕದವರೂ ಇದ್ದರು. ಅದೇ ವರ್ಷ ಎವರೆಸ್ಟನ್ನು ಏರಿ ಬಂದಿದ್ದ ಶಿಕ್ಷಕಿ ಸವಿತಾ ಕನ್ಸವಾಲರೂ ಇದ್ದರು. ವಿದ್ಯೆಯಿದ್ದರೂ ಪರ್ವತ ಕೆಲವೊಮ್ಮೆ ಕೇಳದು ಎಂಬುದನ್ನು ಒಪ್ಪಬೇಕು. ಹಾಗೆಂದು ವಿದ್ಯೆ ಬೇಡವೆನ್ನಲಾದೀತೆ?

ಪಾಂಡವರು ಹಿಂದಿರುಗಲೆಂದು ಹೊರಟವರಲ್ಲ. ನಮ್ಮ ಚಂದ್ರಗಿರಿಯ ಬಂಡೆಗಳ ಮೇಲೆ ಏಳನೆಯ ಶತಮಾನದಿಂದ ಮೊದಲ್ಗೊಂಡು ಹೆಸರು ಬರೆಸಿಕೊಂಡ ಸಲ್ಲೇಖನ ವ್ರತಿಗಳೂ ಹಾಗೆಯೇ. ದೇಹವನ್ನು ಬಿಡಲೆಂದೇ, ತಿಳಿದೇ, ಬೆಟ್ಟವನ್ನು ಹತ್ತಿದರು. ಹಿಂದೆ ಕಾಶಿಗೋ ಬದರಿಗೋ ಹೋಗುವವರನ್ನು ಊರಿನವರು ಮತ್ತೆ ಕಾಣುವೆವೋ ಇಲ್ಲವೋ ಎಂಬಂತೆ ಬೀಳ್ಕೊಡುತ್ತಿದ್ದರು. ಇಂದು ನಾವು ಹೋಗುವ ಬಗೆ ಬೇರೆ. ಮರಳುವ ರೈಲಿನ ಚೀಟಿ ಜೇಬಿನಲ್ಲಿರುತ್ತದೆ, ಸೋಮವಾರದ ಕೆಲಸ ಕಾದಿರುತ್ತದೆ. ಮರಳಿಯೇ ಮರಳುವೆವೆಂಬ ನಂಬಿಕೆಯಿಂದ ಹೊರಡುತ್ತೇವೆ; ಆದರೆ ಮರಳುವುದಕ್ಕೆ ಬೇಕಾದ ಸಿದ್ಧತೆಯನ್ನು ಮಾಡುವುದಿಲ್ಲ.

ಕನ್ನಡದ ಇಬ್ಬರು ಮಹಾಕವಿಗಳ ವಿಷಯದಲ್ಲಿ ಒಂದು ಸಂಗತಿ ಗಮನಿಸತಕ್ಕದ್ದು. ಪಂಪನ ಭಾರತ ಅರ್ಜುನನ ಪಟ್ಟಾಭಿಷೇಕದೊಡನೆ ಮುಗಿಯುತ್ತದೆ. ಕುಮಾರವ್ಯಾಸ ಗದಾಪರ್ವಕ್ಕೆ ನಿಲ್ಲಿಸಿದ. ಇಬ್ಬರೂ ಪಾಂಡವರನ್ನು ಆ ಕೊನೆಯ ಹಿಮದ ಹಾದಿಗೆ ಕೊಂಡೊಯ್ಯಲಿಲ್ಲ. ಆದರೆ ಅರ್ಜುನನನ್ನು ಇಂದ್ರಕೀಲಕ್ಕೆ ಮಾತ್ರ ಇಬ್ಬರೂ ಕಳುಹಿಸಿದ್ದಾರೆ. ಅವನು ಏರಿದ್ದು ಒಂದು ಕಾರ್ಯಕ್ಕಾಗಿ. ತಪಸ್ಸು ಮಾಡಿ, ಕಿರಾತನೊಡನೆ ಹೆಣಗಿ, ಪಾಶುಪತವನ್ನು ಪಡೆದು, ಕಾದು ಕುಳಿತ ತನ್ನವರ ಬಳಿಗೆ ಮರಳಿದ. ಮರಳದಿದ್ದರೆ ಆ ಅಸ್ತ್ರದಿಂದ ಯಾರಿಗೇನು ಪ್ರಯೋಜನವಾಗುತ್ತಿತ್ತು? ಕನ್ನಡ ಕಾವ್ಯದ ಹಿಮಾಲಯ ಹೋಗಿ ಬರುವವನ ಹಿಮಾಲಯ. ನಮ್ಮ ತರುಣರಿಗೆ ಆದರ್ಶವಾಗಬೇಕಾದುದು ಇಂದ್ರಕೀಲದ ದಾರಿ, ಮಹಾಪ್ರಸ್ಥಾನದ್ದಲ್ಲ.

ಮಾಡಬೇಕಾದುದೇನು?

ಅಂಥ ಮರಳುವಿಕೆಗೆ ನಮ್ಮ ಏರ್ಪಾಡುಗಳು ನೆರವಾಗಬೇಕಲ್ಲದೆ ಅಡ್ಡಿಯಾಗಬಾರದು. ಸರಕಾರ ಒಂದು ಹೆಜ್ಜೆಯನ್ನು ಇಟ್ಟಿದೆ. 2024ರ ಜನವರಿಯ ಕೊನೆಯಲ್ಲಿ ಕುಮಾರಪರ್ವತದ ಹಾದಿಯಲ್ಲಿ ಸಾವಿರಾರು ಮಂದಿ ಒಮ್ಮೆಗೇ ಮುತ್ತಿದ ಮೇಲೆ, ಆನ್‌ಲೈನಿನಲ್ಲಿ ಮುಂಗಡ ಹೆಸರು ನೋಂದಾಯಿಸುವ ಏರ್ಪಾಡಿಲ್ಲದ ಬೆಟ್ಟಗಳಲ್ಲಿ ಅರಣ್ಯ ಇಲಾಖೆ ಚಾರಣವನ್ನು ತಡೆದು, ಬಳಿಕ ಸಂಖ್ಯೆಗೆ ಮಿತಿಯನ್ನು ಕಲ್ಪಿಸಿತು. ಒಳ್ಳೆಯದು. ಆದರೆ ಎಷ್ಟು ಜನ ಹೋಗಬೇಕೆಂಬ ನಿಯಮವಾದರೆ ಸಾಲದು. ಯಾವಾಗ ಮರಳಬೇಕೆಂಬ ನಿಯಮವೂ ಬೇಕು.

ನನಗೆ ತೋರುವುದು ನಾಲ್ಕು ಮಾತು. ಮೊದಲನೆಯದಾಗಿ, ಎತ್ತರದ ಚಾರಣದ ಯಾವ ಕಾರ್ಯಕ್ರಮದಲ್ಲಿಯೂ ಒಂದೆರಡು ದಿನ ಖಾಲಿ ಇರಲೇಬೇಕು. ಎರಡನೆಯದಾಗಿ, ಹವೆ ಕೆಟ್ಟು ನಾಯಕನು ತಂಡವನ್ನು ಹಿಂದಿರುಗಿಸಿದರೆ, ತೆತ್ತ ಹಣದಲ್ಲಿ ಒಂದು ಪಾಲನ್ನು ಮರಳಿಸುವುದು ಅಥವಾ ಮುಂದಿನ ಯಾತ್ರೆಗೆ ಹಿಡಿದುಕೊಳ್ಳುವುದು ಸಂಘಟಕರ ಕಟ್ಟಳೆಯಾಗಬೇಕು. ಹಿಂದಿರುಗಿದವನಿಗೆ ದಂಡ ಹಾಕುವ ವ್ಯಾಪಾರ ಮುಂದಕ್ಕೆ ನೂಕುವ ವ್ಯಾಪಾರವೇ. ಮೂರನೆಯದಾಗಿ, ತಿರುಗುವ ಗಂಟೆಯನ್ನು ಬೆಳಗ್ಗೆಯೇ ಎಲ್ಲರ ಮುಂದೆ ಸಾರಬೇಕು. ಆ ಮೇಲೆ ಸ್ಥಳೀಯ ಮಾರ್ಗದರ್ಶಿಯ ಮಾತೇ ಕೊನೆಯ ಮಾತಾಗಬೇಕು. ಅಂಥ ತಂಡದ ಬಳಿ ಉಪಗ್ರಹದ ಮೂಲಕ ಸುದ್ದಿ ಮುಟ್ಟಿಸುವ ಸಾಧನವೊಂದಿರಬೇಕು. ನಾಲ್ಕನೆಯದು ನಮ್ಮ ಕಾಲೇಜುಗಳ ಕೆಲಸ. ಜನರಲ್ ತಿಮ್ಮಯ್ಯನವರ ಹೆಸರಿನ ಸಾಹಸ ಅಕಾಡೆಮಿಯೊಂದು ನಮ್ಮ ರಾಜ್ಯದಲ್ಲಿದೆ. ಹಿಮಾಲಯಕ್ಕೆ ಹೊರಡುವ ಹುಡುಗರಿಗೆ ಅಂಥ ಕಡೆ ತರಬೇತಿಯನ್ನೂ ವೈದ್ಯರ ತಪಾಸಣೆಯನ್ನೂ ಕೊಡಿಸಿ ಕಳುಹಿಸುವುದು ಅಸಾಧ್ಯವೇನಲ್ಲ.

ಇದಿಷ್ಟನ್ನೂ ಅಂದು ಆ ಹುಡುಗರಿಗೆ ಹೇಳಿದೆನೆಂದಲ್ಲ. ಹಾಳೆಯ ಅಂಚಿನಲ್ಲಿ ಎರಡು ಸಾಲನ್ನು ಮಾತ್ರ ಬರೆದುಕೊಟ್ಟೆ: ಖಾಲಿ ದಿನ ಯಾವುದು? ತಿರುಗುವ ಗಂಟೆ ಯಾವುದು? ಈ ಎರಡನ್ನೂ ಸಂಘಟಕರಿಗೆ ಕೇಳಿ, ಉತ್ತರ ಬಂದಮೇಲೆ ಹಣ ಕಟ್ಟಿರೆಂದೆ. ಬಾಗಿಲವರೆಗೆ ಹೋದ ಮೇಲೆ, ಕೊಬ್ಬರಿಯ ಹಣದ ಹುಡುಗ ತಿರುಗಿ ನಿಂತ.

"ಸರ್, ಅರ್ಧಕ್ಕೆ ಬಂದರೆ ಊರಲ್ಲಿ ನಗುತ್ತಾರಲ್ಲ?"

"ನಗಲಿ. ಹಾಗೆ ಬಂದ ದಿನ ನೇರವಾಗಿ ನಮ್ಮ ಮನೆಗೆ ಬಾರಪ್ಪ. ಅವತ್ತಿನ ಊಟ ನಮ್ಮಲ್ಲಿ" ಎಂದೆ.

ಅವನೂ ನಕ್ಕ. ಕಾಗದವನ್ನು ಅಂದೇ ಬರೆದನಂತೆ; ಉತ್ತರ ಇನ್ನೂ ಬಂದಿಲ್ಲ. ಹಣವನ್ನು ಅವನಿನ್ನೂ ಕಟ್ಟಿಲ್ಲ.